ಉಸಿರು ಬಿಗಿಹಿಡಿದು ಕೊಟ್ಟ ಅಳತೆ

ಚಿಕಿತ್ಸಾಲಯದ ಮೂರನೆಯ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ ವಿರಾಜಮಾನರಾಗಿರುವ ರಕ್ತದೊತ್ತಡ ಅಳೆಯುವ ಯಂತ್ರ ಮಹಾಶಯರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಬ್ಯಾಟರಿಗೆ ಬಲವೂ ರಬ್ಬರ್ ಕೊಳವೆಗೆ ದೀರ್ಘಾಯುಷ್ಯವೂ ಇರಲೆಂದು ಹಾರೈಸುತ್ತಾ, ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಪ್ಯಾಂಟು ಕೋಟು ಹೊಲಿಯುವ ಟೈಲರ್ ಆದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಮೇಲೆ ನನ್ನದೊಂದು ದೂರಿದೆ. ದೂರು ಎಂದ ಕೂಡಲೇ ತಾವು ಬಿಸಿಯಾಗಬಾರದು. ಬರೆಯುವ ನನಗೇ ಎದೆ ಡವಗುಟ್ಟುತ್ತಿದೆ, ನಾಳೆ ತಾವು ಈ ಪತ್ರದ ಸಿಟ್ಟನ್ನೆಲ್ಲ ನನ್ನ ತೋಳು ಹಿಂಡಿ ತೀರಿಸಿಕೊಂಡರೆ ಏನು ಗತಿ ಎಂದು. ನಾನು ಆರನೆಯ ತರಗತಿ ಅರ್ಧಕ್ಕೇ ಬಿಟ್ಟವನು. ಪರೀಕ್ಷೆಯ ದಿನ ಹೊಟ್ಟೆನೋವೆಂದು ಮನೆಗೆ ಬಂದವನು, ಹೊಟ್ಟೆನೋವು ಹೋದ ಮೇಲೂ ಶಾಲೆಗೆ ಹೋಗಲಿಲ್ಲ. ಆದ್ದರಿಂದ ಒತ್ತಕ್ಷರಗಳು ಎಲ್ಲಾದರೂ ಜಾರಿದ್ದರೆ ಮನ್ನಿಸಬೇಕು.

ದೂರು ಇಷ್ಟೇ: ತಾವು ನನ್ನನ್ನು ನಂಬಿದಿರಿ.

ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷದಲ್ಲಿ ಎಂಟು ಸಲ ತಮ್ಮ ಪಟ್ಟಿಗೆ ತೋಳು ಒಡ್ಡಿದ್ದೇನೆ. ಎಂಟು ಸಲವೂ ತಾವು ಗುರ್ ಎಂದು ಉಬ್ಬಿ, ಸುಯ್ ಎಂದು ಇಳಿದು, ನೂರಿಪ್ಪತ್ತೆಂಟು ಎಂಬತ್ತೆರಡು ಎಂದೋ, ನೂರಮೂವತ್ತು ಎಂಬತ್ತನಾಲ್ಕು ಎಂದೋ ತೋರಿಸಿದಿರಿ. ನರ್ಸಮ್ಮನವರು ಹಳದಿ ಕಾರ್ಡಿನಲ್ಲಿ ಅದರ ಮುಂದೆ ‘ಉತ್ತಮ’ ಎಂದು ಬರೆದರು. ನನ್ನ ಹೆಸರಿನ ಮುಂದೆ ಯಾರಾದರೂ ಹಾಗೆ ಬರೆದದ್ದು ಹುಟ್ಟಿದ ಮೇಲೆ ಅದೇ ಮೊದಲು. ಕಾರ್ಡನ್ನು ಅಂಗಡಿಯ ನಿಲುಗನ್ನಡಿಯ ಪಕ್ಕ ಸಿಕ್ಕಿಸಿಟ್ಟೆ, ಕೋಟು ಹಾಕಿ ನೋಡಲು ಬಂದವರ ಕಣ್ಣಿಗೆ ಬೀಳಲೆಂದು.

ಆದರೆ ತಮ್ಮಂತಹ ವಿದ್ಯಾವಂತರಿಗೆ ಒಂದು ಸಲವಾದರೂ ಅನುಮಾನ ಬರಬೇಡವೇ? ಡಾಕ್ಟರಮ್ಮನವರು ದಿನಕ್ಕೊಂದು ನುಂಗಿ ಎಂದು ಕೊಟ್ಟ ಬಿಳಿ ಮಾತ್ರೆಯನ್ನು ನಾನು ನುಂಗುತ್ತಿದ್ದದ್ದು ತಮ್ಮ ಭೇಟಿಗೆ ಮುಂಚಿನ ಐದೇ ಐದು ದಿನ. ಮಿಕ್ಕ ದಿನ ಇಲ್ಲ. ಸೋಮಾರಿತನದಿಂದಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹೆದರಿಕೆಯಿಂದ. ಪಕ್ಕದ ಕ್ಷೌರದಂಗಡಿಯವರು ನನ್ನ ಕತ್ತಿಗೆ ಕತ್ತಿ ಇಟ್ಟುಕೊಂಡೇ ಹೇಳಿದ್ದರು: “ಅಣ್ಣಾ, ಆ ಮಾತ್ರೆ ಶುರು ಮಾಡಿದ್ರೆ ಮುಗೀತು, ಸಾಯೋವರ್ಗೂ ಬಿಡೋಂಗಿಲ್ಲ. ತಲೆ ಮಂಕಾಗುತ್ತಂತೆ, ಹೆಂಡ್ತಿ ಹೆಸ್ರೂ ಮರ್ತೋಗುತ್ತಂತೆ.” ಕತ್ತಿ ಕತ್ತಿನ ಮೇಲಿರುವಾಗ ಹೇಳಿದ ಮಾತನ್ನು ಯಾರು ನಂಬುವುದಿಲ್ಲ ಹೇಳಿ? ನನ್ನ ಬಂಡವಾಳವೇ ತಲೆ. ಮುನ್ನೂರು ಗಿರಾಕಿಗಳ ಸೊಂಟದ ಅಳತೆ ನನಗೆ ಬಾಯಿಪಾಠ. ಆ ತಲೆಯನ್ನು ಕಾಪಾಡಿಕೊಳ್ಳಲೆಂದೇ ಮಾತ್ರೆ ಬಿಟ್ಟೆ, ತಮ್ಮಲ್ಲಿ ಪಾಸಾಗಲೆಂದು ಐದು ದಿನ ನುಂಗಿದೆ. ಅದರ ಮೇಲೆ, ಪಟ್ಟಿ ಸುತ್ತಿದಾಗ ಉಸಿರು ಬಿಗಿಹಿಡಿದು ಕೂರುತ್ತಿದ್ದೆ, ಒಳಗಿನದೇನೂ ತಮಗೆ ಕೇಳಿಸದಿರಲೆಂದು.

ನಾಚಿಕೆಯ ಸಂಗತಿಯೆಂದರೆ, ಈ ಆಟ ನನಗೆ ಗೊತ್ತಿಲ್ಲದ್ದೇನಲ್ಲ. ಬ್ಯಾಂಕಿನ ಕಾವಲುಗಾರರೊಬ್ಬರು ನನ್ನ ಹಳೆಯ ಗಿರಾಕಿ. ನಾನು ಟೇಪು ತೆಗೆದರೆ ಸಾಕು, ಅವರ ಹೊಟ್ಟೆ ಬೆನ್ನಿಗೆ ಹೋಗಿ ಅಂಟಿಕೊಳ್ಳುತ್ತದೆ. ಪ್ಯಾಂಟು ಒಯ್ದ ವಾರಕ್ಕೆ ವಾಪಸು ಬಂದು “ಏನ್ರೀ ಇದು, ಕೂತ್ರೆ ಉಸಿರಾಡೋಕೆ ಆಗ್ತಿಲ್ಲ” ಎಂದು ನನ್ನ ಮೇಲೇ ಏರಿ ಬರುತ್ತಾರೆ. “ಸ್ವಾಮೀ, ಟೇಪಿಗೆ ಮೋಸ ಮಾಡಿದ್ರಿ, ಪ್ಯಾಂಟಿಗೆ ಮೋಸ ಮಾಡೋಕಾಗುತ್ತಾ?” ಎಂದು ನಾನು ಎಷ್ಟು ಸಲ ಅವರಿಗೆ ಬುದ್ಧಿ ಹೇಳಿದ್ದೇನೋ. ಈಗ ನಾನೇನು ಮಾಡುತ್ತೇನೆಂದರೆ, ಅವರ ಮಗಳ ಕೆಲಸದ ಸುದ್ದಿ ಎತ್ತುತ್ತೇನೆ. ಅವರು ಮಾತಿನ ಭರದಲ್ಲಿ ಹೊಟ್ಟೆಯನ್ನು ಮರೆತಾಗ ಟೇಪು ಎಳೆದುಬಿಡುತ್ತೇನೆ. ಆರನೆಯ ತರಗತಿ ಅರ್ಧ ಓದಿದ ನನಗೆ ಹೊಳೆದ ಉಪಾಯ, ಗಾಜಿನ ಮುಖದ, ಹಸಿರು ಅಂಕಿಯ ತಮಗೆ ಹೊಳೆಯಲಿಲ್ಲವಲ್ಲ!

ಹತ್ತು ದಿನದ ಹಿಂದೆ, ಬೆಳಿಗ್ಗೆ, ಅದೇ ಕಾವಲುಗಾರರ ಕೋಟಿನ ಬಟ್ಟೆಗೆ ಬಳಪದ ಗೆರೆ ಎಳೆಯುತ್ತಿದ್ದೆ. ಮೂವತ್ತೆರಡು ವರ್ಷ ನೆಟ್ಟಗೆ ಹೋದ ಗೆರೆ ಭುಜದ ಹತ್ತಿರ ಸೊಟ್ಟಗೆ ತಿರುಗಿ ಮೇಜಿನ ಮೇಲೆ ಹೋಯಿತು. ಬಳಪ ಬಿತ್ತು. ಎತ್ತಿಕೊಡು ಎನ್ನಲು ಹೋದರೆ ಬಾಯಿಂದ ಹೊರಟದ್ದು ಬರೀ ಬಬ್ಬಬ್ಬ. ಎದುರು ಕೂತು ಗುಂಡಿ ಹಾಕುತ್ತಿದ್ದ ನನ್ನ ಹೆಂಡತಿ ಸೂಜಿ ಬಿಟ್ಟು ಎದ್ದು, “ರೀ, ಒಂದ್ಸಲ ನಗಿ ನೋಡೋಣ” ಎಂದಳು. ಈಗ ನಗುವಂಥದ್ದೇನಾಗಿದೆ ಎಂದು ನನಗೆ ಸಿಟ್ಟು ಬಂತು, ಸಿಟ್ಟೂ ಬಾಯಿಂದ ಹೊರಡಲಿಲ್ಲ. “ಎರಡೂ ಕೈ ಮೇಲೆತ್ತಿ” ಎಂದಳು. ಎಡಗೈ ಎದ್ದಿತು. ಕತ್ತರಿ ಹಿಡಿಯುವ ಬಲಗೈ ಎದ್ದೇಳುವ ಮನಸ್ಸು ಮಾಡಲಿಲ್ಲ. ತಮ್ಮ ತಲೆಯ ಮೇಲಿನ ಗೋಡೆಯಲ್ಲಿ ಅಂಟಿಸಿರುವ, ಪಾರ್ಶ್ವವಾಯುವಿನ ಲಕ್ಷಣ ತಿಳಿಸುವ ಚಿತ್ರವನ್ನು, ನನ್ನ ಜೊತೆ ಬಂದಾಗ ಎಂಟು ಸಲವೂ ಓದಿದವಳು ಅವಳು. ನಾನು ಆಗೆಲ್ಲ ಅಂಕಿ ನೋಡುತ್ತಿದ್ದೆ.

ಕಾಲು ಗಂಟೆಯೊಳಗೆ ಮಾತೂ ಬಂತು, ಕೈಯೂ ಬಂತು. “ಸರಿಹೋಯ್ತಲ್ಲ, ಬಿಡೇ, ಕೋಟು ನಾಳೆಗೆ ಕೊಡ್ಬೇಕು” ಎಂದೆ. “ಕೊಡೋಕೆ ಕೈ ಇರ್ಬೇಕಲ್ಲ, ನಡೀರಿ” ಎಂದು ಎಳೆದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿ ತಮ್ಮ ದಾಯಾದಿಯೊಬ್ಬರು ನನ್ನ ತೋಳು ಹಿಡಿದು ನೂರತೊಂಬತ್ತಾರು, ನೂರಹತ್ತು ಎಂದು ಊರಿಗೆಲ್ಲ ಕೇಳುವಂತೆ ಕೂಗಿಕೊಂಡರು. ಅವರು ಮುಖ ನೋಡಿ ಮಣೆ ಹಾಕುವವರಲ್ಲ.

ಎರಡು ದಿನದ ಮೇಲೆ, ತಲೆಯ ಒಳಗಿನ ಚಿತ್ರ ಹಿಡಿದು ತಮ್ಮ ಡಾಕ್ಟರಮ್ಮನವರ ಬಳಿ ಬಂದೆವು. ಇದು ಮೆದುಳಿಗೆ ರಕ್ತ ಹೋಗುವ ದಾರಿ ಒಂದು ಗಳಿಗೆ ಕಟ್ಟಿಕೊಂಡದ್ದು, ದೊಡ್ಡದು ಬರುವ ಮುಂಚಿನ ಎಚ್ಚರಿಕೆ ಎಂದರು. ಚಿತ್ರದಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು. ಅವು ಆವತ್ತಿನವಲ್ಲವಂತೆ. ಒತ್ತಡ ಹೆಚ್ಚಿದ್ದಾಗ ಮೆದುಳಿನ ಸಣ್ಣ ಸಣ್ಣ ನಾಳಗಳು ಸದ್ದಿಲ್ಲದೆ ಹಾಳಾಗುತ್ತಾ ಬರುತ್ತವಂತೆ, ಹಾಗೇ ಬಿಟ್ಟರೆ ನೆನಪಿಗೂ ಕುತ್ತಂತೆ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ಜೇಬಿನ ಮೂಲೆಯ ಹೊಲಿಗೆ ದಿನಾ ಜಗ್ಗಿದರೆ ಒಂದೊಂದೇ ದಾರ ಬಿಡುತ್ತದೆ, ಸದ್ದು ಮಾತ್ರ ಕೊನೆಯ ದಿನ ಬರುತ್ತದೆ. “ತಲೆ ಮಂಕು ಮಾಡೋದು ಮಾತ್ರೆ ಅಲ್ಲ, ಒತ್ತಡ” ಎಂದರು ಡಾಕ್ಟರಮ್ಮ, ನಾನು ಕೇಳದೆಯೇ. ಯಾವುದನ್ನು ಉಳಿಸಿಕೊಳ್ಳಲು ಹೊರಟಿದ್ದೆನೋ ಅದಕ್ಕೇ ಎರಡು ವರ್ಷ ಕತ್ತರಿ ಹಾಕಿದ್ದೆ.

ಆಮೇಲೆ ಅವರು ಹಳದಿ ಕಾರ್ಡು ತಿರುವಿ ಹಾಕಿ, “ಕಾರ್ಡು ಇಷ್ಟು ಚೆನ್ನಾಗಿದೆ. ದಿನಾ ಮಾತ್ರೆ ತಗೊಂಡೂ ಹೀಗ್ಯಾಕಾಯ್ತು?” ಎಂದರು. ನಾನು ಅವರ ಮೇಜಿನ ಕಾಲು ನೋಡಿದೆ. “ಈ ಮಾತ್ರೆ ನಿಮಗೆ ಹಿಡಿಸ್ತಿಲ್ಲ ಅನ್ಸುತ್ತೆ. ಒಂದು ವಾರ ಇರ್ಲಿ, ಆಮೇಲೆ ಬದಲಾಯಿಸಿ ಜೋರಾಗಿರೋದು ಕೊಡೋಣ” ಎಂದು, ರಕ್ತ ಗಟ್ಟಿಯಾಗದಿರಲು ಇನ್ನೊಂದು ಮಾತ್ರೆ ಬರೆದರು. ಅಂದರೆ ಕೆಲಸಕ್ಕೇ ಕರೆಯದ ಮಾತ್ರೆಯ ಮೇಲೆ ಕೆಲಸ ಮಾಡಲಿಲ್ಲವೆಂಬ ಅಪವಾದ ಬಂತು. ಆಗಲೂ ನಾನು ಬಾಯಿ ಬಿಡಲಿಲ್ಲ. ‘ಉತ್ತಮ’ ಎಂಬುದನ್ನು ಅವರು ಹೊಡೆದುಹಾಕಿಬಿಟ್ಟರೆ ಎಂಬ ಭಯ.

ಆ ದಿನವೇ ಮನೆಯವಳು ಯಾರದೋ ಅಂಗಿಗೆ ಬಿಳಿ ಗುಂಡಿ ಹುಡುಕುತ್ತಾ, ಕಪಾಟಿನ ಹಿಂದಿದ್ದ ಗುಂಡಿ ಡಬ್ಬಿ ತೆರೆದಳು. ಮಾತ್ರೆಯ ಸ್ಟ್ರಿಪ್ಪು ಖಾಲಿಯಾದಂತೆ ಕಾಣಲೆಂದು ದಿನಕ್ಕೊಂದು ಬಿಡಿಸಿ ನಾನು ಅದರಲ್ಲೇ ಹಾಕುತ್ತಿದ್ದೆ. ಡಬ್ಬಿ ಅರ್ಧ ತುಂಬಿತ್ತು. ಒಂದನ್ನು ಬೆಳಕಿಗೆ ಹಿಡಿದು, “ಇದ್ಯಾವ ಗುಂಡಿ ರೀ, ತೂತೇ ಇಲ್ಲ?” ಎಂದಳು. ನಾನು ಕತ್ತರಿ ಹುಡುಕುವವನಂತೆ ಆಚೆ ತಿರುಗಿದೆ. ಅವಳು ಡಬ್ಬಿಯನ್ನು ನೆಲದ ಮೇಲೆ ಸುರಿದು, ಗುಂಡಿ ಬೇರೆ ಮಾತ್ರೆ ಬೇರೆ ಮಾಡಿದಳು. “ಡಾಕ್ಟರಮ್ಮಂಗೆ ನೀವೇ ಹೇಳ್ತೀರೋ, ಇಲ್ಲಾ ನಾನು ಡಬ್ಬಿ ತಗೊಂಡು ಬರ್ಲೋ?” ಎಂದಳು ಕೊನೆಗೆ. ಅಂದಿನಿಂದ ಎಂಟು ದಿನ, ಬೆಳಿಗ್ಗೆ ಎರಡೂ ಮಾತ್ರೆ ಅವಳ ಕಣ್ಣೆದುರೇ. ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾಳೆ. ತಮ್ಮ ಖುರ್ಚಿಗೆ ಅವಳನ್ನು ಕೂರಿಸಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳೇನೆಂದರೆ: ಇನ್ನು ಮುಂದೆ ತಾವು ದಿನ ಹೇಳಿ ಅಳೆಯಕೂಡದು. ತಾವೇ ರಸ್ತೆ ದಾಟಿ, ಗಿರಾಕಿಯ ವೇಷದಲ್ಲಿ, ಒಂದು ಕೋಟು ಹೊಲಿಸುವ ನೆಪದಲ್ಲಿ ಅಂಗಡಿಗೆ ಬರಬೇಕು. ತಮಗೆ ತೋಳು ಒಂದೇ ಇರುವುದರಿಂದ ಬಟ್ಟೆ ಕಡಿಮೆ ಸಾಕು. ನಾನು ಅಳತೆ ತೆಗೆಯುವಾಗ ತಾವೂ ಮೆಲ್ಲನೆ ನನ್ನ ಅಳತೆ ತೆಗೆದುಕೊಳ್ಳಬೇಕು. ಅದಾಗದಿದ್ದರೆ, ಉಬ್ಬುವ ಮುಂಚೆ ಸುಮ್ಮನೆ ಒಂದು ಮಾತು, “ಏನಣ್ಣಾ, ನಿನ್ನೆ ಮಾತ್ರೆ ತಗೊಂಡ್ಯಾ? ಮೊನ್ನೆ?” ಎಂದು ಕೇಳಬೇಕು. ಸುಳ್ಳು ಹೇಳಿದವನ ತೋಳನ್ನು ನಿಜ ಹೇಳುವ ತನಕ ಬಿಡಕೂಡದು.

ನಾಳೆ ಹತ್ತು ಗಂಟೆಗೆ ನನ್ನ ಸರದಿ. ಇದೇ ಮೊದಲು ನಾನು ಓದಿಕೊಂಡು ಪರೀಕ್ಷೆಗೆ ಬರುತ್ತಿರುವುದು, ಅದಕ್ಕೇ ಹೆಚ್ಚು ನಡುಕ. ನೂರಅರವತ್ತು ಬಂದರೆ ನೂರಅರವತ್ತೇ ತೋರಿಸಿ, ದಾಕ್ಷಿಣ್ಯ ಬೇಡ. ಬಾಯಲ್ಲಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲವಾದ್ದರಿಂದ, ಅಳತೆ ಮುಗಿದ ಕೂಡಲೇ ಇದರ ಪ್ರತಿಯನ್ನು ಡಾಕ್ಟರಮ್ಮನವರ ಕೈಗಿಟ್ಟು, ಅವರು ಕೊನೆಯ ಸಾಲು ಓದುವ ತನಕ ಅಲ್ಲೇ ನಿಲ್ಲುತ್ತೇನೆ. ಓಡಿಹೋಗದಂತೆ ಬಾಗಿಲಲ್ಲಿ ಮನೆಯವಳಿರುತ್ತಾಳೆ.

ಎಂಟು ‘ಉತ್ತಮ’ಗಳನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಾ,

ತಮ್ಮ ವಿಶ್ವಾಸಿ,
ಬಸ್ ನಿಲ್ದಾಣದ ಹಿಂದಿನ ಟೈಲರ್

ಪ್ರತಿ: ಡಾಕ್ಟರಮ್ಮನವರಿಗೆ. (ಮಾತ್ರೆಯದೇನೂ ತಪ್ಪಿಲ್ಲ ತಾಯೀ.)

ತಾ.ಕ.: ತಮ್ಮ ತೋಳುಪಟ್ಟಿಯ ಅಂಚಿನಲ್ಲಿ ಎರಡು ಬೆರಳಿನಷ್ಟು ಹೊಲಿಗೆ ಬಿಚ್ಚಿದೆ. ನಾಳೆ ಸೂಜಿ ದಾರ ತರುತ್ತೇನೆ, ಆದರೆ ಲಂಚವೆಂದಾಗಬಾರದು, ಮೊದಲು ತಾವು ಅಳೆಯಿರಿ, ಆಮೇಲೆ ಹೊಲಿಯುತ್ತೇನೆ. ಸ್ವಲ್ಪ ತಡವಾದೀತು. ಮುಂಚೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದ ಬಲಗೈಗೆ ಈಗ ಮೂರು ಸಲ ಬೇಕು. ತಮ್ಮ ಹೊಲಿಗೆ ಬಿಚ್ಚಿದ್ದು ಎಂಟು ಸಲವೂ ನನ್ನ ಕಣ್ಣಿಗೆ ಬಿದ್ದಿತ್ತು. ನನ್ನದು ತಮಗೆ ಒಂದು ಸಲವೂ ಕಾಣಲಿಲ್ಲ.