ಒಂದೇ ಬಾಲದ ಇಂಗ್ಲಿಷ್ ಶಬ್ದಗಳು

ಇಂಗ್ಲಿಷ್ ಬಾರದವನಿಗೆ ಲೋಕದಲ್ಲಿ ಒಂದು ನೆಮ್ಮದಿಯಿದೆ. ಚೆನ್ನಾಗಿ ಬರುವವನಿಗೆ ಒಂದು ಗತ್ತಿದೆ. ಅರೆಬರೆ ಬರುವವನ ಪಾಡು ಮಾತ್ರ ಯಾರಿಗೂ ಬೇಡ. ನಾನು ಈ ಮೂರನೆಯ ಪಂಗಡದವನು. ಅದೂ ಎಂಥ ಅರೆಬರೆ ಅಂತೀರಿ! ಶಬ್ದಗಳು ಬೇಕಾದಷ್ಟು ಗೊತ್ತು, ಅವುಗಳ ಅರ್ಥವೂ ಗೊತ್ತು. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಏನು ಹಾಕಿ ಮಾತು ಮಾಡುತ್ತಾರೆ ಎಂಬುದು ಮಾತ್ರ ಇಂದಿಗೂ ತಿಳಿದಿಲ್ಲ.

ಆಗ ನಮ್ಮ ಕಡೆಗೆಲ್ಲ ಮದರಾಸು ಸರಕಾರ. ಹೊಸಪೇಟೆಯ ತಾಲೂಕು ಕಚೇರಿಯಲ್ಲಿ ನಾನು ನಾಲ್ಕು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದೆ. ಹಂಗಾಮಿ ಎಂದರೆ ಇವತ್ತು ಇದ್ದೇನೆ, ನಾಳೆಯ ಮಾತು ಆ ವಿರೂಪಾಕ್ಷನಿಗೇ ಗೊತ್ತು ಎಂದರ್ಥ. ಕಂಪ್ಲಿಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವನವರು ಬಂದಾಗಲೆಲ್ಲ, ಕಾಲಿಗೆ ನೀರು ಕೊಡುವ ಮೊದಲೇ, "ಏನ್ರೀ ಅಳಿಯಂದ್ರ, ಕೆಲಸ ಖಾಯಂ ಆತೇನು?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು. ನಾನು ತಲೆ ತಗ್ಗಿಸುವುದು, ಒಳಗೆ ನನ್ನ ಹೆಂಡತಿ ಶರಣಮ್ಮ ಪಾತ್ರೆ ಕುಕ್ಕುವುದು, ಇದು ನಮ್ಮ ಮನೆಯ ಪದ್ಧತಿಯಾಗಿತ್ತು.

ಖಾಯಂ ಆಗಲು ಇಂಗ್ಲಿಷ್ ಬೇಕೆಂದು ಎಲ್ಲರೂ ಹೇಳುತ್ತಿದ್ದರು. ಸರಿ, ಹಳೆಯ ನಿಘಂಟೊಂದನ್ನು ಎರವಲು ತಂದು ನಾನೇ ಒಂದು ಉಪಾಯ ಕಂಡುಹಿಡಿದೆ. ಕೊನೆಯ ಅಕ್ಷರಗಳು ಒಂದೇ ಆಗಿರುವ ಶಬ್ದಗಳನ್ನು ಒಟ್ಟಿಗೆ ಉರು ಹೊಡೆಯುವುದು! ಮೊದಲು ಹಿಡಿದದ್ದು ಬಾಲದಲ್ಲಿ 'ಏಶನ್' ಇರುವ ವಂಶವನ್ನು. ಫೌಂಡೇಶನ್ ಎಂದರೆ ತಳಪಾಯ, ಇರಿಗೇಶನ್ ಎಂದರೆ ನೀರಾವರಿ, ಪರ್‍ಸ್ಪಿರೇಶನ್ ಎಂದರೆ ಬೆವರು, ಡೆಸೊಲೇಶನ್ ಎಂದರೆ ಹಾಳುಬೀಳುವುದು. ಶರಣಮ್ಮ ರೊಟ್ಟಿ ಬಡಿಯುವ ತಾಳಕ್ಕೆ ಇವು ಎಷ್ಟು ಚೆನ್ನಾಗಿ ಕೂಡುತ್ತಿದ್ದವೆಂದರೆ, ಅವಳಿಗೂ ಅರ್ಧ ಬಾಯಿಪಾಠವಾದವು. "ಏನ್ರೀ, ಇವರ ಮನಿತನ ಭಾಳ ದೊಡ್ಡದೈತಿ ಬಿಡ್ರಿ. ತಿಂಗಳಾತು, ಇನ್ನಾ ಮುಗೀವಲ್ದು," ಎನ್ನುತ್ತಿದ್ದಳು. ಎರಡನೆಯ ಮನೆತನಕ್ಕೆ ನಾನು ಹೋಗಲೇ ಇಲ್ಲ.

ಅಷ್ಟರಲ್ಲಿ ವಿಲಾಯತಿಯಿಂದ ಹೊಸದಾಗಿ ಬಂದ ಸಬ್ ಕಲೆಕ್ಟರ್ ದೊರೆ ಕಮಲಾಪುರದ ಬಂಗಲೆಯಲ್ಲಿ ಕ್ಯಾಂಪು ಮಾಡಿದ. ಹಂಪಿ ತೋರಿಸಲು ಹೋಗಬೇಕಿದ್ದ ನಮ್ಮ ಶಿರಸ್ತೇದಾರರಿಗೆ ಅಂದೇ ಸೊಂಟ ಹಿಡಿಯಿತು. ನನ್ನ ಉರು ಕಚೇರಿಯಲ್ಲೂ ಕೇಳಿಸುತ್ತಿತ್ತಲ್ಲ, ನನ್ನನ್ನೇ ಕರೆದರು. "ನೋಡಪಾ, ನೀನs ಹೋಗು. ದೊರಿ ಮೆಚ್ಚಿದ್ರ ನೀನು ಖಾಯಂ. ಸಿಟ್ಟಾದ್ರ ನಾಳಿಂದ ಕಚೇರಿ ಕಡಿ ಬರಬ್ಯಾಡ," ಎಂದರು.

ದೊರೆ ಕೆಂಪು ಮುಖದ, ಎಳೆ ವಯಸ್ಸಿನ ಮನುಷ್ಯ. ಬಂಡಿ ಇಳಿದವನೇ ಉದ್ದವಾಗಿ ಏನೋ ಕೇಳಿದ. ನನಗೆ ಒಂದಕ್ಷರವೂ ಹತ್ತಲಿಲ್ಲ. ಧೈರ್ಯ ಮಾಡಿ ಗುಡಿಯ ಬುಡ ತೋರಿಸಿ "ಫೌಂಡೇಶನ್" ಎಂದೆ. ಆತ ಮತ್ತೇನೋ ಕೇಳಿದ. ಕಾಲುವೆ ತೋರಿಸಿ "ಇರಿಗೇಶನ್" ಎಂದೆ. ಬಾಳೆಯ ತೋಟಕ್ಕೆ "ಪ್ಲಾಂಟೇಶನ್", ಮುರಿದ ಮಂಟಪಕ್ಕೆ "ಡೆಸೊಲೇಶನ್", ಮುರಿಯದ ಮಂಟಪಕ್ಕೆ "ಡೆಕೊರೇಶನ್." ದೊರೆ ಟೋಪಿ ತೆಗೆದು ತಲೆ ಕೆರೆದುಕೊಂಡ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಆಗ ಆತ ಬೆರಳು ಚಾಚಿ, "ಕಲ್ಲು!" ಎಂದ.

ನಾನು ಬೆಚ್ಚಿಬಿದ್ದೆ. "ಕಂಬ!" ಎಂದ. "ಕೋಟೆ! ಕುದುರೆ!" ಕೆತ್ತಿದ ಕುದುರೆಯ ಮೂತಿಯನ್ನು ಬೇರೆ ತಟ್ಟಿದ. ಆಮೇಲೆ ನೇರ ನನ್ನ ಕಡೆಗೇ ಬೆರಳು ಮಾಡಿ, "ಕೋತಿ!" ಎಂದ. ಹೊಟ್ಟೆಪಾಡು, ದೊರೆಯ ಬಾಯಿಂದ ಅದನ್ನೂ ಅನ್ನಿಸಿಕೊಳ್ಳೋಣ ಎಂದು ಕೈಮುಗಿದೆ. ಹಿಂದಿನಿಂದ ಯಾರೋ ನನ್ನ ರುಮಾಲು ಎಳೆದಾಗಲೇ ನಿಜವಾದ ಕೋತಿ ಕಂಡದ್ದು!

ದೊರೆ ಹೊಟ್ಟೆ ಹಿಡಿದು ನಕ್ಕ. ನಕ್ಕು, ಜೇಬಿನಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದ. ಪುಟದ ತುಂಬ ಮಕ್ಕಳು ತಿದ್ದಿದ ಹಾಗೆ ದಪ್ಪ ದಪ್ಪ ಕನ್ನಡ ಅಕ್ಷರ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ. ಎಲ್ಲವೂ 'ಕ'ದಿಂದ ಶುರುವಾಗುವ ಶಬ್ದಗಳೇ! ನಮ್ಮ ಸೀಮೆಗೆ ಬರುವ ದೊರೆಗಳು ಇಲ್ಲಿನ ಭಾಷೆಯ ಪರೀಕ್ಷೆಗೆ ಕೂಡಬೇಕಿತ್ತಲ್ಲ, ಭಾಷೆ ಕಲಿಸುವ ಯಾವನೋ ಮುನ್ಷಿ ಇವನಿಗೆ 'ಕ'ದಿಂದ ಆರಂಭಿಸಿದ್ದ. ಅಯ್ಯೋ ಪಾಪ, ಇವನೂ ನನ್ನ ಹಾಗೆಯೇ ಮೊದಲ ಮನೆತನದಲ್ಲೇ ಸಿಕ್ಕಿಕೊಂಡವನು! ನನಗೆ ಒಡಹುಟ್ಟಿದವನನ್ನು ಕಂಡಷ್ಟು ಸಂತೋಷವಾಯಿತು.

ಮುಂದೆ ನಮ್ಮ ಸಂಭಾಷಣೆಗೆ ತಡೆಯೇ ಇರಲಿಲ್ಲ. ಬಿಸಿಲು ಏರಿತು. ದೊರೆ ಗಂಟಲು ಮುಟ್ಟಿಕೊಂಡು ಒದ್ದಾಡಿದ. ಅವನು ಇನ್ನೂ 'ನ' ಅಕ್ಷರಕ್ಕೆ ಬಂದಿರಲಿಲ್ಲ, ಹಾಗಾಗಿ ನೀರು ಎನ್ನಲು ಬಾರದು. "ಕೆರೆ! ಕಾಲುವೆ! ಕೊಡ!" ಎಂದು ಕೂಗಿದ. ನಾನು "ಪರ್‍ಸ್ಪಿರೇಶನ್?" ಎಂದೆ. "ಕೊಡ! ಕೊಡ!" ಎಂದ. ಓಡಿಹೋಗಿ ತೋಟದವರಿಂದ ಕೊಡವನ್ನೇ ಹೊತ್ತು ತಂದೆ. ಗಟಗಟ ಕುಡಿದು ನನ್ನ ಬೆನ್ನು ಚಪ್ಪರಿಸಿದ. ಸಂಜೆಯೊಳಗೆ ನಾನು ಅವನಿಗೆ ನೀರು, ನೆರಳು, ನಾಳೆ ಮೂರನ್ನೂ ಕಲಿಸಿದ್ದೆ. ಮನೆಗೆ ಬಂದು ಶರಣಮ್ಮನಿಗೆ ಹೇಳಿದರೆ, "ಅದೆಲ್ಲಾ ಇರಲಿ, ನಿಮ್ಮ ಖಾಯಂ ಏನಾತು?" ಎಂದಳು. ಅದನ್ನು ಕೇಳುವ ಶಬ್ದ ನನ್ನ ಬಳಿಯೂ ಇರಲಿಲ್ಲ, ದೊರೆಯ ಬಳಿಯೂ ಇರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಕಚೇರಿಗೆ ದೊರೆಯ ಕಾಗದ ಬಂತು. ಟರ್ಮಿನೇಶನ್ ಎಂದರೆ ಕೊನೆಗಾಣಿಸುವುದು ಎಂದು ಕಲಿತಿದ್ದೆನಲ್ಲ, ಇದು ಅದೇ ಎಂದುಕೊಂಡೆ. ಶಿರಸ್ತೇದಾರರು ಕನ್ನಡಕ ಏರಿಸಿ, ಓದಿ, ನನ್ನನ್ನೊಮ್ಮೆ ನೋಡಿ, ಮತ್ತೆ ಓದಿದರು.

"ದೊರಿ ಹಿಂಗ ಬರದಾನ ನೋಡಪಾ. ಉಳಿದವರೆಲ್ಲಾ ನಾ ಕನ್ನಡದಾಗ ಬಾಯಿ ತೆಗದ್ರ ಇಂಗ್ಲಿಷಿನಾಗ ಉತ್ತರ ಕೊಟ್ಟು ನನ್ನ ಕಲಿಕಿ ಕೆಡಸ್ತಾರ. ಈ ಒಬ್ಬ ಮನುಷ್ಯಾನ ಜೋಡಿ ಮಾತ್ರ ನಂಗ ಕನ್ನಡ ಬಿಟ್ರ ಬ್ಯಾರೆ ದಾರಿನs ಇಲ್ಲ. ಇವರನ್ನ ಜಲ್ದಿ ಖಾಯಂ ಮಾಡಿ ನನ್ನ ಕ್ಯಾಂಪಿಗೆ ಹಾಕ್ರಿ. ನನ್ನ ಪರೀಕ್ಷೆ ಮುಗಿಯೂತನಕ ಇವರಿಗೆ ಯಾರೂ ಇಂಗ್ಲಿಷ್ ಕಲಿಸಬ್ಯಾಡ್ರಿ."

ಆ ವಾರವೇ ಮಾವನವರು ಕಂಪ್ಲಿಯಿಂದ ಬಂದರು. ಅವರು ಬಾಯಿ ತೆರೆಯುವ ಮೊದಲೇ ನಾನು ಬೀದಿಗೆಲ್ಲ ಕೇಳುವಂತೆ, "ಮಾವಾರ, ಖಾಯಂ ಆತ್ರಿ! ನನ್ನ ಇಂಗ್ಲಿಷ್ ನೋಡಿನs ಮಾಡ್ಯಾರ!" ಎಂದೆ. ಶರಣಮ್ಮ ಒಳಗಿನಿಂದ ಬೆಲ್ಲ ತಂದು ಎಲ್ಲರಿಗೂ ಹಂಚಿದಳು. ನಾನು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.