ಮೇಷ್ಟ್ರು ಹೊರಗೆ, ಶಾಲೆ ಒಳಗೆ

ಸೌದೆ ತರಲು ಹೊರಗೆ ಹೋದದ್ದೇ ಮೇಷ್ಟ್ರು ಅಬ್ನರ್ ಪ್ರೌಟಿ ಮಾಡಿದ ತಪ್ಪು. ಶಾಲೆಯ ಹಿಂದಿನ ಸೌದೆ ಕೊಟ್ಟಿಗೆ ಇಪ್ಪತ್ತೇ ಹೆಜ್ಜೆ. ಹೋಗಿ, ಒಂದು ಹೊರೆ ತಬ್ಬಿಕೊಂಡು ಹಿಂದಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮೊಣಕೈಯಿಂದ ತಳ್ಳಿದ. ಅಲ್ಲಾಡಲಿಲ್ಲ. ಒಳಗೆ ಬೆಂಚುಗಳನ್ನು ದರದರ ಎಳೆಯುವ ಸದ್ದು, ಅದರ ಜೊತೆಗೆ ಇಪ್ಪತ್ತಮೂರು ಮಕ್ಕಳ ಕಿಸಿಕಿಸಿ ನಗು.

"ಯಾರ್ರೋ ಅದು? ಬಾಗಿಲು ತೆಗೀರಿ!"

"ಆಗಲ್ಲ ಸಾರ್. ಇವತ್ತು ನೀವು ಹೊರಗೆ," ಎಂದಳು ಟ್ರೈಫೀನಾ. ಹದಿನಾರರ ಹುಡುಗಿ, ಶಾಲೆಗೆಲ್ಲ ಹಿರಿಯಳು, ಮರ್ಯಾದೆಯಲ್ಲಿ ಒಂದು ಚೂರೂ ಕಮ್ಮಿ ಮಾಡುವವಳಲ್ಲ.

ಬಾಗಿಲ ಸಂದಿಯಿಂದ ಒಂದು ಕಾಗದ ತೂರಿ ಬಂತು. 'ಒಂದು ಮೂಟೆ ಸೇಬು, ಐದು ಪೌಂಡು ಪೆಪ್ಪರ್‌ಮಿಂಟ್ ಮಿಠಾಯಿ ಕಡ್ಡಿ. ಒಪ್ಪಿ ರುಜು ಹಾಕಿದರೆ ಒಳಗೆ ಬರಬಹುದು.' ಅಬ್ನರನಿಗೆ ಸಿಟ್ಟು ನೆತ್ತಿಗೇರಿತು. ಆದರೂ ಟ್ರೈಫೀನಾಳ ಅಕ್ಷರ ನೋಡಿ ಕಾಗದವನ್ನು ಬೆಳಕಿಗೆ ಹಿಡಿದ. ಸೆಪ್ಟೆಂಬರಿನಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಬರೆಯುತ್ತಿದ್ದ ಹುಡುಗಿ! ನಾಲ್ಕು ತಿಂಗಳು ಕೈ ಹಿಡಿದು ತಿದ್ದಿಸಿದ್ದಕ್ಕೆ ಈಗ ಒಂದೊಂದು ಅಕ್ಷರವೂ ಮುತ್ತು. ಆಮೇಲೆ ಕಾಗದವನ್ನು ಹರಿದು ಎಸೆದ.

ಕ್ರಿಸ್‌ಮಸ್ ರಜೆಯ ಹಿಂದಿನ ದಿನ ಮೇಷ್ಟ್ರನ್ನು ಹೊರಗೆ ಹಾಕಿ ಅಗುಳಿ ಜಡಿಯುವುದು ನಮ್ಮೂರು ಸ್ಪೈಸರ್ ಕ್ರೀಕಿನಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ನಾವೂ ಹಾಕಿದವರೇ. ಪಟ್ಟಣದಲ್ಲಿ ಬೆಳೆದ ಈ ಬಡಪಾಯಿಗೆ ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿಬಿಟ್ಟರೆ ಮಜಾ ಏನುಳಿಯುತ್ತೆ, ನೀವೇ ಹೇಳಿ? ಅವನ ಕೋಟು, ಟೋಪಿ, ಊಟದ ಡಬ್ಬಿ, ಕೋಟಿನ ಜೇಬಿನಲ್ಲಿದ್ದ ಬೀರುವಿನ ಕೀಲಿ, ಎಲ್ಲವೂ ಒಳಗೆ. ಹೊರಗೆ ಇದ್ದದ್ದು ಅವನು, ಸೌದೆ, ಮೊಣಕಾಲುದ್ದ ಹಿಮ.

ಒಂಬತ್ತಕ್ಕೆ, ತಮಾಷೆ ನೋಡಲು ಊರವರೆಲ್ಲ ನೆರೆದ ಹೊತ್ತಿಗೆ, ಶಾಲೆಯ ಯಜಮಾನ ಜೋಥಮ್ ಸ್ಟ್ರೌಡ್ ಬಂದ. ಟ್ರೈಫೀನಾಳ ಅಪ್ಪ ಇವನೇ. ಹೊಟ್ಟೆಯ ಮೇಲಿದ್ದ ಗಡಿಯಾರವನ್ನು ತೆಗೆದು ನೋಡಿದ.

"ನೋಡಿ ಮೇಷ್ಟ್ರೇ, ಹಿಂದಿನ ಮೂರು ಜನಾನೂ ಮಧ್ಯಾಹ್ನದೊಳಗೆ ಸೋತು ಮಿಠಾಯಿ ತಂದುಕೊಟ್ರು. ಆಮೇಲೆ ಮಕ್ಕಳು ಅವರ ತಲೆ ಮೇಲೆ ಹತ್ತಿ ಕೂತ್ರು. ಈ ಸಲ ಹಂಗಾಗಬಾರ್ದು. ನಾಲ್ಕು ಗಂಟೆಯೊಳಗೆ ನೀವು ಒಳಗಿದ್ರೆ ಜೂನ್ ತನಕ ಶಾಲೆ ನಿಮ್ಮದು. ಆದ್ರೆ ನಿಮ್ಮ ಕಡೆಯಿಂದ ಒಂದೇ ಒಂದು ಚೂರು ಮಿಠಾಯಿ ಆ ಬಾಯಿಗಳಿಗೆ ಹೋಯ್ತೋ, ಜನವರಿಗೆ ಬೇರೆ ಮೇಷ್ಟ್ರು."

ಅಬ್ನರನ ಕಿವಿ ಕೆಂಪಾದವು. ಚಳಿಗೆ ಇರಬೇಕೆಂದುಕೊಂಡೆವು.

"ಒಂದು ಚೂರೂ ಹೋಗಲ್ಲ ಯಜಮಾನ್ರೇ," ಎಂದ. "ಒಳಗೆ ಹೋಗ್ದೆ ನಾನು ಬಿಡೋದೂ ಇಲ್ಲ."

ಬಿಡುವಂತೆಯೂ ಇರಲಿಲ್ಲ. ಓಹಾಯೊದಲ್ಲಿ ಅವನ ಅಣ್ಣನದು ಚರ್ಮ ಹದ ಮಾಡುವ ಕಾರ್ಖಾನೆ. ಆರು ವರ್ಷ ಅಲ್ಲಿ ಹಸಿ ತೊಗಲು ತಿಕ್ಕಿ, ಆ ನಾತ ಮೈಗೆ ಅಂಟಿ, ಚರ್ಚಿನಲ್ಲಿ ಪಕ್ಕದ ಸೀಟು ಯಾವಾಗಲೂ ಖಾಲಿ. ಮೇಷ್ಟ್ರಾಗುತ್ತೇನೆಂದು ಹೊರಟಾಗ ಅಣ್ಣ ನಕ್ಕಿದ್ದ. "ಹೋಗ್ಬಾ ಹೋಗ್ಬಾ. ನಿನ್ನ ಏಪ್ರನ್ ಮೊಳೆಗೇ ನೇತಾಡ್ತಿರ್ಲಿ." ಇಲ್ಲಿ ಅವನನ್ನು ಕಂಡರೆ ಜನ ಟೋಪಿ ಎತ್ತುತ್ತಿದ್ದರು. ಅದನ್ನು ಬಿಟ್ಟು ಹೋಗಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಕಮ್ಮಾರ ಓಬೆಡ್ ಹಾರೆ ಹಿಡಿದು ಓಡಿ ಬಂದ. ಅವನು ಕಾದಾಡಿದ ಅಂತರ್ಯುದ್ಧ ಮುಗಿದು ಹತ್ತು ವರ್ಷವಾದರೂ ಓಬೆಡ್‌ನ ಬಾಯಲ್ಲಿ ಅದು ಮುಗಿದಿರಲಿಲ್ಲ.

"ವಿಕ್ಸ್‌ಬರ್ಗ್ ಕೋಟೇನೇ ಬಗ್ಗಿಸಿದೋರು ಸ್ವಾಮಿ ನಾವು! ಇದ್ಯಾವ ಲೆಕ್ಕ?"

ಒಂದೇ ಮೀಟು. ಬಾಗಿಲ ಹಿಡಿ ಕಿತ್ತು ಅವನ ಕೈಗೆ ಬಂತು. ಬಾಗಿಲು ಇದ್ದಲ್ಲೇ ಇತ್ತು.

"ವಿಕ್ಸ್‌ಬರ್ಗ್ ಬಗ್ಗೋಕೆ ಎಷ್ಟು ದಿನ ಹಿಡೀತು?" ಎಂದು ಕೇಳಿದ ಅಬ್ನರ್.

"ನಲವತ್ತೇಳು," ಎಂದ ಓಬೆಡ್, ಸ್ವಲ್ಪ ಮೆಲ್ಲಗೆ.

ಮಧ್ಯಾಹ್ನ ಅಬ್ನರ್ ಕಿಟಕಿಗೆ ಗುರಿಯಿಟ್ಟ. ಗಾಜು ಒಡೆದು, ಮೊದಲು ಕಾಲು ತೂರಿಸಿದ. ಅದೇ ಎಡವಟ್ಟು. ಒಳಗಿಂದ ಹತ್ತು ಕೈ ಸೇರಿ ಬೂಟನ್ನು ಎಳೆದುಕೊಂಡು, ಕಾಲನ್ನು ಮಾತ್ರ ವಾಪಸ್ ಕೊಟ್ಟವು. "ಬೂಟು ಒಲೆ ಹತ್ರ ಬೆಚ್ಚಗಿಟ್ಟಿರ್ತೀವಿ ಸಾರ್," ಎಂದಳು ಟ್ರೈಫೀನಾ. ಗಾಳಿ ಒಳಗೆ ನುಗ್ಗುತ್ತದೆಂದು ಆ ಕಿಂಡಿಗೆ ಏನೋ ಬಟ್ಟೆ ತುರುಕಿದರು. ನೋಡಿದರೆ ಅದು ಅವನದೇ ಕೋಟು.

ನಮ್ಮೂರಲ್ಲಿ ಮೇಷ್ಟ್ರಿಗೆ ವಾರಕ್ಕೊಂದು ಮನೆ; ಆ ವಾರ ಅಬ್ನರನ ಊಟ, ಹಾಸಿಗೆ ಕೆಜಾಯಾ ಅಜ್ಜಿಯ ಮನೆಯಲ್ಲಿ. ಒಂಟಿ ಬೂಟಿನಲ್ಲಿ ಕುಂಟುತ್ತಿದ್ದ ಅವನನ್ನು ಕಂಡು ಅಜ್ಜಿ ಅಯ್ಯೋ ಎಂದು ಓಡಿ ಬಂದಳು. ಕಾಲಿಗೆ ಗೋಣಿ ಸುತ್ತಿದಳು, ಮೈಗೆ ತನ್ನ ಶಾಲು ಹೊದಿಸಿದಳು, ಬೇಡ ಬೇಡ ಎಂದರೂ ಕೇಳದೆ ತನ್ನ ಹೂವಿನ ಟೋಪಿಯನ್ನು ಅವನ ಗದ್ದದ ಕೆಳಗೆ ಗಂಟು ಹಾಕಿದಳು.

"ಇಂಥಾ ಮಕ್ಕಳಿಗೋಸ್ಕರ ಶನಿವಾರ ಹನ್ನೊಂದು ಮೈಲಿ ನಡೆದು ಪೇಟೆಯಿಂದ ಬಳಪದ ಕಟ್ಟು ಹೊತ್ಕೊಂಡು ಬಂದ್ರಲ್ಲ ನನ್ನಪ್ಪಾ! ಉಪಕಾರ ಮಾಡಿದೋರಿಗೆ ಇದೇ ಗತಿ!"

"ಬಿಡಿ ಅಜ್ಜಿ, ಆ ಮಾತ್ಯಾಕೀಗ," ಎಂದು ಅವಸರವಾಗಿ ಹೇಳಿ ಅಬ್ನರ್ ಏಣಿ ಕೇಳಿದ.

ಸೂರಿನ ಮೇಲೆ ಹತ್ತಿ ಹೊಗೆಗೂಡಿನ ಬಾಯಿಗೆ ಹಲಗೆ ಮುಚ್ಚುವುದು ಅವನ ಹೊಸ ಉಪಾಯ. ಹಲಗೆ ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ತಾನೇ ಕಾವು ಕೊಡುವ ಕೋಳಿಯಂತೆ ಕುಳಿತ. ಕೆಳಗೆ ಕೆಮ್ಮು ಶುರುವಾಯಿತು. ನಮ್ಮಲ್ಲಿ ಅರ್ಧ ಜನ ಮೇಷ್ಟ್ರ ಕಡೆ, ಅರ್ಧ ಜನ ಮಕ್ಕಳ ಕಡೆ. ಮಕ್ಕಳ ಕಡೆಯವರು "ಒಲೆಗೆ ನೀರು ಹಾಕ್ರೋ!" ಎಂದು ಕೂಗಿ ಹೇಳಿಕೊಟ್ಟರು. ಚುಸ್ ಎಂದು ಸದ್ದಾಯಿತು. ಹೊಗೆ ಅಲ್ಲಿಗೆ ನಿಂತಿತು. ಆ ಸಂಭ್ರಮದಲ್ಲಿ ಓಬೆಡ್ ತಾನು ವಿಕ್ಸ್‌ಬರ್ಗಿನ ಗೋಡೆ ಹತ್ತಿದ ಬಗೆಯನ್ನು ತೋರಿಸಲು ಹೋಗಿ ಏಣಿಯನ್ನು ಬೀಳಿಸಿ ಎರಡು ತುಂಡು ಮಾಡಿದ.

ಅಬ್ನರ್ ಮೇಲೆಯೇ ಉಳಿದ. ಎರಡಾಯಿತು, ಮೂರಾಯಿತು.

"ಹಸಿವಾದ್ರೆ ತಾವೇ ಬಾಗಿಲು ತೆಗೀತಾರೆ!" ಎಂದು ಮೇಲಿನಿಂದ ಧೈರ್ಯ ಹೇಳಿದ.

ಕೆಜಾಯಾ ಅಜ್ಜಿ ಪಕ್ಕದ ಕಿಟಕಿಗೆ ಮುಖ ಒತ್ತಿ ಇಣುಕಿದಳು. "ಹಸಿವೆಲ್ಲಿ ಬಂತು ಮೇಷ್ಟ್ರೇ? ನಿಮ್ಮ ಹುಡುಗ್ರು ಕೂತ್ಕೊಂಡು ಬಳಪ ಕಡೀತಾವ್ರೆ. ಆ ಪುಟ್ಟ ಈನಾಕ್‌ನ ಕೆನ್ನೆ ನೋಡಿ, ಹೆಂಗ್ ಊದ್ಕೊಂಡೈತೆ!"

"ಏನ್ ಕಡೀತಾವ್ರೆ?"

"ಬಳಪ ಬಳಪ! ಬಿಳೀ ಬಳಪ!"

ಈ ಮಾತು ಕಿವಿಗೆ ಬಿದ್ದದ್ದೇ ತಡ, ಅಬ್ನರ್ ಹಾವು ಮೆಟ್ಟಿದವನಂತೆ ನೆಗೆದೆದ್ದ. ಶಾಲು, ಹೂವಿನ ಟೋಪಿ ಸಮೇತ ಸೂರಿನ ಮೇಲೆ ದಡದಡ ಓಡಿದ. ಎಲ್ಲಿಗೆ ಓಡುತ್ತಿದ್ದಾನೆಂದು ಅವನಿಗೇ ಗೊತ್ತಿದ್ದಿತೋ ಇಲ್ಲವೋ. ಬಡಗಣ ಮೂಲೆಯ ಸೂರು ಕೊಳೆತಿದೆ, ರಿಪೇರಿ ಮಾಡಿಸಿ ಎಂದು ಅವನೇ ಸ್ಟ್ರೌಡ್‌ಗೆ ಮೂರು ಸಲ ಹೇಳಿದ್ದ. ಮೂರು ಸಲವೂ ಸ್ಟ್ರೌಡ್ "ಬೇಸಿಗೆ ಬರ್ಲಿ ಮೇಷ್ಟ್ರೇ" ಎಂದಿದ್ದ. ಆ ಮೂಲೆಗೆ ಕಾಲಿಟ್ಟ ಅಬ್ನರ್ ನಮ್ಮ ಕಣ್ಣೆದುರಿಗೇ ಮಾಯವಾದ.

ಒಳಗೆ ದೊಡ್ಡ ಸದ್ದಾಯಿತು. ಆಮೇಲೆ ಬಾಗಿಲು ತಾನಾಗಿ ತೆರೆದುಕೊಂಡಿತು. ಮೇಷ್ಟ್ರು ಸತ್ತರೆಂದು ಹೆದರಿ ಮಕ್ಕಳೇ ಬೆಂಚುಗಳನ್ನು ಎಳೆದು ಹಾಕಿದ್ದವು. ಸೌದೆ ಪೆಟ್ಟಿಗೆಯೊಳಗೆ ಮೈಯೆಲ್ಲ ಮಸಿಯಾಗಿ, ಹೂವಿನ ಟೋಪಿ ಮೂಗಿನ ಮೇಲೆ ಇಳಿದು, ಅಬ್ನರ್ ಪ್ರೌಟಿ ಕುಳಿತಿದ್ದ. ಜೀವಂತವಾಗಿ ಕುಳಿತಿದ್ದ.

ಸ್ಟ್ರೌಡ್ ಗಡಿಯಾರ ನೋಡಿದ. "ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ! ಗೆದ್ರಿ ಮೇಷ್ಟ್ರೇ! ಇಪ್ಪತ್ತು ವರ್ಷದಲ್ಲಿ ಗೆದ್ದಿದ್ದು ನೀವೊಬ್ರೇ!"

ಊರಿಗೆ ಊರೇ ಹೋ ಎಂದಿತು. ಓಬೆಡ್ ಟೋಪಿ ಎತ್ತಿದ. ಅಬ್ನರನ ಕಣ್ಣು ಮಾತ್ರ ಬೀರುವಿನ ಕಡೆಗಿತ್ತು. ಅದರ ಬಾಗಿಲು ಹಾರು ಹೊಡೆದಿತ್ತು.

ಆಗ ಟ್ರೈಫೀನಾ ಮುಂದೆ ಬಂದು, ನೀಟಾಗಿ ಮಡಿಸಿದ ಕಾಗದವೊಂದನ್ನು ನೀಡಿದಳು. "ಯಾರೇ ಏನೇ ಕೊಟ್ರೂ ಅವತ್ತೇ ಧನ್ಯವಾದ ಪತ್ರ ಬರೀಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ ಸಾರ್?"

ಅಬ್ನರ್ ಕೈ ಚಾಚುವಷ್ಟರಲ್ಲಿ ಸ್ಟ್ರೌಡ್ ಅದನ್ನು ತೆಗೆದುಕೊಂಡ. "ಇದು ನನ್ ಮಗಳು ಬರ್ದಿದ್ದಾ! ನೋಡ್ರಪ್ಪಾ, ಕನ್ನಡಕ ಇಲ್ದೇನೇ ಓದ್ಬಹುದು!" ಎಂದು ಬೀಗುತ್ತ ಗಟ್ಟಿಯಾಗಿ ಓದಿದ. "'ಪ್ರೀತಿಯ ಮೇಷ್ಟ್ರಿಗೆ. ಕಿಟಕಿಗೆ ತುರುಕುವಾಗ ನಿಮ್ಮ ಕೋಟಿನಿಂದ ಕೀಲಿ ಬಿತ್ತು. ಬೀರುವಿನಲ್ಲಿ ನೀವು “ನನ್ನ ಮಕ್ಕಳಿಗೆ” ಎಂದು ಬರೆದಿಟ್ಟಿದ್ದ ಪೆಪ್ಪರ್‌ಮಿಂಟ್ ಕಡ್ಡಿಗಳು ಸಿಕ್ಕವು. ಬಹಳ ರುಚಿಯಾಗಿದ್ದವು. ಇಂಥ ಮೇಷ್ಟ್ರು ನಮಗೆ ಹಿಂದೆ ಸಿಕ್ಕಿರಲಿಲ್ಲ.'"

ಕೆಳಗೆ ಇಪ್ಪತ್ತಮೂರು ರುಜು. ಓದುತ್ತ ಓದುತ್ತ ಸ್ಟ್ರೌಡ್‌ನ ದನಿ ಇಳಿದು ಇಳಿದು ಪಾತಾಳ ಮುಟ್ಟಿತ್ತು.

"ಬಳಪ ಅಂದ್ರಲ್ಲಪ್ಪಾ!" ಎಂದು ಕೆಜಾಯಾ ಅಜ್ಜಿ ಎದೆಗೆ ಕೈಯಿಟ್ಟುಕೊಂಡಳು.

"ನಾಲ್ಕು ಗಂಟೆಗೆ ಶಾಲೆ ಬಿಟ್ಮೇಲೆ ಕೊಡೋಣ ಅಂತಿದ್ದೆ ಅಜ್ಜಿ," ಎಂದ ಅಬ್ನರ್. "ನನ್ನ ಖುಷಿಗೆ."

ಸ್ಟ್ರೌಡ್ ಗಡಿಯಾರವನ್ನು ಜೇಬಿಗಿಳಿಸಿದ. "ಇಷ್ಟು ಚೆಂದ ಕಲಿಸೋರ್ನ ಕಳಿಸೋಕೆ ನಂಗೂ ಮನಸ್ಸಿಲ್ಲ ಮೇಷ್ಟ್ರೇ. ಆದ್ರೆ ಊರೆಲ್ಲ ಕೇಳೋ ಹಂಗೆ ಮಾತು ಆಡ್ಬಿಟ್ಟಿದೀನಿ. ಆ ಮಿಠಾಯಿ ನಿಮ್ಮದು ಹೌದಾ?"

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳಿ ಎಂದು ನಾವೆಲ್ಲ ಮನಸ್ಸಿನಲ್ಲೇ ಬೇಡಿಕೊಂಡೆವು. ಇಪ್ಪತ್ತಮೂರು ಮಕ್ಕಳು ಅವನ ಮುಖವನ್ನೇ ನೋಡುತ್ತಿದ್ದವು.

"ನಂದೇ," ಎಂದ ಅಬ್ನರ್.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಹೊತ್ತು ಅವನು ಶಾಲೆಯ ಮುಂದೆ ಹಾದು ಹೋದ. ಈನಾಕ್ ಓಡಿ ಬಂದು, ಅರ್ಧ ಚೀಪಿ ಉಳಿಸಿದ್ದ ಕೊನೆಯ ಕಡ್ಡಿಯನ್ನು ಅವನ ಕೈಗಿಟ್ಟ. ಅಬ್ನರ್ ಅದನ್ನು ಬಾಯಿಗಿಟ್ಟುಕೊಂಡು ಬಾಗಿಲ ಕಡೆ ನೋಡಿದ. ಅಲ್ಲಿ ಸ್ಟ್ರೌಡ್ ತನ್ನ ಮಗಳ ಕೈಯಲ್ಲಿ ಬರೆಸಿದ ನೋಟೀಸು ಅಂಟಿಸಿತ್ತು. 'ಮೇಷ್ಟ್ರು ಬೇಕಾಗಿದ್ದಾರೆ.'

ಪೆಟ್ಟಿಗೆ ಕೆಳಗಿಟ್ಟು, ಒಂದಾದರೂ ತಪ್ಪು ಸಿಕ್ಕೀತೆಂದು ಎರಡು ಸಲ ಓದಿದ. ಒಂದೂ ಸಿಗಲಿಲ್ಲ.