ಸಾರಿಯ ಮೂಲವೂ ಮೇಟ್ರನ್ ಮೇಡಂ ಹೆಬ್ಬೆರಳೂ

ಇನ್ನು ಮೇಲೆ ಸುಮ್ಮಸುಮ್ಮನೆ 'ಸಾರಿ' ಅನ್ನುವುದಿಲ್ಲ, ಒಂದು ಸಾರಿಯೂ! ಕಳೆದ ಶನಿವಾರ ನಾನು ಇಂಥದೊಂದು ಘೋರ ಪ್ರತಿಜ್ಞೆ ಮಾಡಿದೆ. ಕಾರಣ, ನಿಘಂಟು. ಇಂಗ್ಲಿಷಿನ ಈ ಪದ ಹುಟ್ಟಿದ್ದು ಗಾಯ, ನೋವು ಅನ್ನುವ ಅರ್ಥದ ಹಳೇ ಮಾತಿನಿಂದಂತೆ. ಅಂದಮೇಲೆ ನಿಜವಾಗಿ ನೋವಾದವರು ಮಾತ್ರ ಅದನ್ನು ಆಡಬೇಕು. ನಾವೋ, ಸೀನಿದರೂ ಸಾರಿ, ರಾಂಗ್ ನಂಬರಿಗೂ ಸಾರಿ! ಪದದ ಮಾನ ಕಾಪಾಡುವ ಹೊಣೆ ನನ್ನ ಹೆಗಲಿಗೆ ಬಿತ್ತು.

"ಕಾಪಾಡಿ, ಕಾಪಾಡಿ. ಆದ್ರೆ ಸಂಜೆ ನಮ್ಮ ಮೇಟ್ರನ್ ಬರ್ತಾರೆ. ಅವರೆದುರು ಮಾತ್ರ ಬಾಯಿ ಮುಚ್ಕೊಂಡಿರಿ" ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ಹಾಕಿಸಿಕೊಳ್ಳುವ ಆಸೆಯಿಂದ ನರ್ಸುಗಳಿಗೆ ಪಾಳಿ ಹಂಚುವ ಈ ಮೇಡಂ ಅವರನ್ನು ಚಹಾಕ್ಕೆ ಕರೆದಿದ್ದಳು.

ಮೇಡಂ ಕುಂಟುತ್ತಲೇ ಬಂದರು. ಕಾಲಿನ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಟ್ರೇ ಹಿಡಿದು ರಾಜಗಾಂಭೀರ್ಯದಿಂದ ನಡೆದು ಬಂದ ನಾನು ಸರಿಯಾಗಿ ಅದರ ಮೇಲೇ ಕಾಲಿಟ್ಟೆ!

"ಅಯ್ಯಮ್ಮಾ!" ಅವರು ಕಿರುಚಿದ ರಭಸಕ್ಕೆ ಟ್ರೇ ವಾಲಿ ಚಹಾವೆಲ್ಲ ಅವರ ಮಡಿಲು ಸೇರಿತು.

"ಒಂದು ಸಾರಿ ಸಾರಿ ಅಂದ್ಬಿಡ್ರೀ!" ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಅನ್ನಬಹುದಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ನೋಡಿ ಮೇಡಂ, ಆ ಪದದ ಮೂಲದಲ್ಲೇ ಗಾಯ ಇದೆ. ನನಗೆ ಗಾಯ ಆಗಿಲ್ಲವಲ್ಲ..."

"ನನಗಾಗಿದೆಯಲ್ರೀ!"

"ಹಾಗಾದರೆ ವ್ಯುತ್ಪತ್ತಿಯ ಪ್ರಕಾರ ಸಾರಿ ಅನ್ನಬೇಕಾದವರು ನೀವು!"

ಮೇಡಂ ಎದ್ದರು. ಒದ್ದೆ ಬಟ್ಟೆಯಲ್ಲೇ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಹೆಂಡತಿ ಬೈಯಲಿಲ್ಲ. ನೆಲ ಒರೆಸಿದಳು, ಯೂನಿಫಾರ್ಮ್ ಹಾಕಿಕೊಂಡಳು, ಪಾಳಿಗೆ ಹೊರಟಳು. ಬೈದಿದ್ದರೆ ನನಗೆ ಊಟವಾದರೂ ಸೇರುತ್ತಿತ್ತು.

ಮರುದಿನ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಮೇಡಂ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಇಂಗ್ಲಿಷಿನ ಆ ಪದ ಬಾಯಿಂದ ಹೊರಡಲಿಲ್ಲ.

"ತಪ್ಪಾಯ್ತು ಮೇಡಂ. ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೀರಿಸ್ಕೋಬೇಡಿ."

"ಅವಳಿಗೆ ಹಗಲು ಪಾಳಿ ಆಗಲೇ ಕೊಟ್ಟಾಯ್ತು" ಎಂದರು ಮೇಡಂ, ಕಾಲನ್ನು ಜೋಪಾನವಾಗಿ ಮೇಜಿನಡಿಗೆ ಎಳೆದುಕೊಳ್ಳುತ್ತಾ. "ಬೆಳಿಗ್ಗೆನೇ ಬಂದು ನಿಮ್ಮ ಪರವಾಗಿ ಸಾರಿ ಕೇಳಿದಳು. 'ಅವರ ತಪ್ಪಿಗೆ ನೀನ್ಯಾಕಮ್ಮ ಕೇಳ್ತೀಯಾ?' ಅಂದೆ. 'ಪರವಾಗಿಲ್ಲ ಮೇಡಂ, ಮದುವೆ ಆದಾಗಿನಿಂದ ಅಭ್ಯಾಸ ಆಗಿದೆ' ಅಂದಳು!"